ಸೀಟು ಬಿಚ್ಚಿದ ಮೇಲೆ

ಬಾನೆಟ್ ಎತ್ತಿ ನೋಡುವವರು ಬೇರೆ.
ನಾನು ಸೀಟು ಬಿಚ್ಚುವವಳು,
ಜೆ.ಸಿ. ರಸ್ತೆಯ ಹಿಂದಿನ ಓಣಿಯಲ್ಲಿ, ಇಪ್ಪತ್ತೆರಡು ವರ್ಷದಿಂದ.
ಬಾಗಿದ ಸೂಜಿ, ಮೇಣ ತಿಕ್ಕಿದ ದಾರ,
ಬಾಯಲ್ಲಿ ನಾಲ್ಕು ಮೊಳೆ.
ಬೋರ್ಡಿನಲ್ಲಿ ‘ಸರ್ವರ್ ಕುಷನ್ ವರ್ಕ್ಸ್’ ಅಂತಿದೆ
(ಕಂಪ್ಯೂಟರ್ ತಂದು ರಿಪೇರಿ ಕೇಳಿದವರೂ ಉಂಟು).
ಸರ್ವರ್ ನನ್ನ ಮಾವ. ನಾನು ತಸ್ಲೀಮಾ.
ಮೊದಲ ಸಲ ಬಂದವರು
ನನ್ನ ತಲೆಯ ಮೇಲಿಂದ ಒಳಗೆ ಇಣುಕಿ
‘ಯಾರೂ ಇಲ್ವಾ?’ ಅನ್ನುತ್ತಾರೆ.

ಸೀಟಿನಡಿ ಏನೇನೋ ಸಿಗುತ್ತದೆ:
ಅಲೆಯಂಚಿನ ಹತ್ತು ಪೈಸೆ, ಹೇರ್‌ಪಿನ್ನು,
ಪ್ಲಾಜಾ ಟಾಕೀಸಿನ ಹರಿದ ಅರ್ಧ ಟಿಕೇಟು,
ಕಲ್ಲಾದ ಕಡಲೆಬೀಜ, ಒಂದು ಹಾಲುಹಲ್ಲು.
ಎಲ್ಲ ಪೊಟ್ಟಣ ಕಟ್ಟಿ ವಾಪಸು ಕೊಡುತ್ತೇನೆ.
ಹಲ್ಲನ್ನು ಮಾತ್ರ ಯಾರೂ ತಮ್ಮದೆಂದು ಒಪ್ಪಲಿಲ್ಲ.

ಕುಟಿನ್ಹಾ ಸಾಹೇಬರಿಗೆ ಕೆಂಪಿನ ಹುಚ್ಚು.
ಅರವತ್ತಮೂರರ ಫಿಯೆಟ್ಟಿಗೆ
ಅರವತ್ತಮೂರರದೇ ಕೆಂಪಾಗಬೇಕು.
ಬಿಸಿಲು ಕಾಣದ ಮಡಿಕೆಯಿಂದ ಒಂದು ಚೂರು ಕತ್ತರಿಸಿ
ಪರ್ಸಿನಲ್ಲಿಟ್ಟು, ಹೆಣ್ಣು ನೋಡಲು ಹೊರಟಂತೆ ತಿರುಗಿದರು
ಚಿಕ್ಕಪೇಟೆ, ಶಿವಾಜಿನಗರ, ಕೊನೆಗೆ ಕೊಯಮತ್ತೂರು.
ಸಿಕ್ಕಿತು. ಹೊಲಿದುಕೊಟ್ಟೆ.
ಓಡಿಸಲು ಮನಸ್ಸು ಬರಲಿಲ್ಲ:
ಬಿಸಿಲಿಗೆ ಮಾಸುತ್ತದಂತೆ.

ಹೊರಮಾವಿನ ಮುನೇಶನಿಗೆ ಸದ್ದು ಬೇಕು.
‘ಹಿಂದಿನ ಸೀಟೇ ಬೇಡಕ್ಕಾ, ದಂಡ ಭಾರ’
ಎಂದು ಕಿತ್ತು ನನ್ನ ಅಟ್ಟಕ್ಕೆ ಹಾಕಿಸಿದ.
ಪೊಲೀಸರು ಹಿಡಿದು ದಂಡ ಬರೆಯುವಾಗಲೂ
ಸೈಲೆನ್ಸರಿನ ಶ್ರುತಿಯ ಬಗ್ಗೆಯೇ ಮಾತಾಡಿದನಂತೆ.
ಆರು ವರ್ಷ ಆ ಸೀಟಿನ ಮೇಲೆ ಬೆಕ್ಕು ಮರಿ ಹಾಕಿತು.
ಮೊನ್ನೆ ಬಂದ, ಮೆಲ್ಲಗೆ ಕೇಳಿದ: ‘ಅದು ಇದೆಯಾ ಅಕ್ಕಾ?’
ಆಟೋದಲ್ಲಿ ಹೆಂಡತಿ.
ಅವಳಿಗೆ ಏಳು ತಿಂಗಳು.

ಬೊಳ್ಳಮ್ಮನಿಗೆ ಸ್ಟೇರಿಂಗಿನ ಆಸೆಯೇ ಇಲ್ಲ.
ರ‍್ಯಾಲಿಗಳಲ್ಲಿ ಅವಳದು ಪಕ್ಕದ ಸೀಟು,
ತೊಡೆಯ ಮೇಲೆ ಬೈಂಡು ಕಿತ್ತ ಪುಸ್ತಕ:
‘ಎಡ ಮೂರು, ಇಳಿಜಾರು, ಕಲ್ಲು, ಬಲ ಎರಡು...’
ಕಣ್ಣೆತ್ತದೆ ಇಡೀ ಕಾಡು ದಾಟಿಸುತ್ತಾಳೆ.
ನನ್ನ ಅಂಗಡಿಗೆ ಮಾತ್ರ ಪ್ರತಿ ಸಲ ದಾರಿ ತಪ್ಪುತ್ತಾಳೆ.
ಒನ್‌ವೇ ಬದಲಾಗಿರುತ್ತದೆ.

ಅಂಚೆ ಕಚೇರಿಯ ಸಂಪಂಗಿಯವರ ಬಳಿ
ಇನ್ನೂರಾ ಹನ್ನೊಂದು ಕಾರುಗಳಿವೆ, ಎಲ್ಲ ಬೆರಳುದ್ದ.
ಬರುವುದು ಬಸ್ಸಿನಲ್ಲಿ.
ಚಿಂದಿಯ ಮೂಟೆಯೆದುರು ಕುಕ್ಕರುಗಾಲಲ್ಲಿ ಕೂತು
ಉಗುರಗಲದ ರೆಕ್ಸಿನ್ ಆರಿಸುತ್ತಾರೆ,
ದುಡ್ಡು ಬೇಡವೆಂದರೆ ಬೇಜಾರು.

ಗವೀಪುರದ ನಂಜರಾಜ ಅರಸರ ಅಂಬಾಸಡರು
ಹೊಂಗೆಮರದಡಿ ನಿಂತು ಒಂಬತ್ತು ವರ್ಷ.
ಟೈರಿನಲ್ಲಿ ಗಾಳಿಯಿಲ್ಲ. ಸಂಜೆ ಐದಕ್ಕೆ ಬಾಗಿಲು ತೆಗೆದು
ಒಳಗೆ ಕೂತು ಪೇಪರು ಓದುತ್ತಾರೆ, ಕತ್ತಲಾಗುವವರೆಗೆ.
‘ಬಟ್ಟೆ ಬದಲಿಸು, ಸ್ಪ್ರಿಂಗು ಬಿಗಿಮಾಡು.
ಆ ತಗ್ಗು ಮಾತ್ರ ಹಾಗೇ ಇರಲಿ ಕಣಮ್ಮ.
ಮೂವತ್ತು ವರ್ಷ ಕೂತು ಕೂತು ಮಾಡಿದ್ದು.’
ಉಬ್ಬು ತೆಗೆಯುವುದು, ತಗ್ಗು ತುಂಬುವುದು ನನ್ನ ಕಸುಬು.
ತಗ್ಗು ಹೊಲಿಯುವುದನ್ನು ಮಾವ ಹೇಳಿಕೊಟ್ಟಿರಲಿಲ್ಲ.
ಕೂರಿಸಿದೆ, ಎಬ್ಬಿಸಿದೆ, ಫೋಮು ಕೊರೆದೆ;
ಮತ್ತೆ ಕೂರಿಸಿದೆ, ಮತ್ತೆ ಎಬ್ಬಿಸಿದೆ.
ನಾಲ್ಕನೆಯ ಸಲ ಕೂತವರು ಏಳಲಿಲ್ಲ.
ರೇಡಿಯೋ ಹಾಕಿದರು.

ನನಗೆ ಓಡಿಸಲು ಬರುವುದಿಲ್ಲ.
ಎಡಮೂಲೆಯ ಕೆಳಗೆ ಎರಡೆಳೆ ಹೊಲಿಗೆ ಹಾಕುತ್ತೇನೆ,
ಯಾರೂ ಕೇಳದ್ದು, ಕೂಲಿಗೆ ಸೇರದ್ದು.
ಬಸ್ಸಿನಲ್ಲಿ ಹೋಗುವಾಗ ಸಿಗ್ನಲ್ಲಿನಲ್ಲಿ
ಪಕ್ಕದ ಕಾರುಗಳೊಳಗೆ ಅದನ್ನು ಹುಡುಕುತ್ತೇನೆ,
ಸಂತೆಯಲ್ಲಿ ತವರಿನವರನ್ನು ಹುಡುಕಿದ ಹಾಗೆ.

ಹೋದ ಭಾನುವಾರ ಮಿನರ್ವ ಸರ್ಕಲ್ಲು, ನಡುಮಧ್ಯಾಹ್ನ,
ತಾರು ಕರಗುವ ಬಿಸಿಲು.
ಕಿಟಕಿಯ ಕೆಳಗೆ ಫಿಯೆಟ್ಟು!
ಕುಟಿನ್ಹಾ ಸಾಹೇಬರು, ಮೊಣಕೈ ಹೊರಗೆ, ಬೆವರಿಳಿಯುತ್ತ,
ಹಿಂದಿನಿಂದ ಹಾರನ್ ಹೊಡೆದವನಿಗೂ ನಗುತ್ತ.
ಕೆಂಪು ಎಲ್ಲಿ ಎಂದು ಬಗ್ಗಿ ನೋಡಿದೆ:
ಇಡೀ ಸೀಟಿಗೆ ಬಿಳಿ ಟವೆಲು ಹೊದಿಸಿದ್ದಾರೆ.
ಎಡಮೂಲೆಯಲ್ಲಿ ಮಾತ್ರ ಕೊಂಚ ಜಾರಿತ್ತು.
ಹಸಿರು ಬಿತ್ತು.